ಚಿಕ್ಕೋಡಿ–ಅಥಣಿ ಸೀಮೆಯ ಸಣ್ಣ ಕೆರೆಗಳ ನೆರೆ ತಾಳಿಕೆ

ಬೆಳಗಾವಿ ಜಿಲ್ಲೆಯ ಉತ್ತರಕ್ಕಿರುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳಲ್ಲಿ ಕೃಷ್ಣಾ ಹಾಗೂ ಅದರ ಉಪನದಿಗಳನ್ನಲ್ಲದೆ ನೂರಾರು ಹಳ್ಳಿಗಳು ಸಣ್ಣ ನೀರಾವರಿ ಕೆರೆ, ಜಿನುಗು ಕೆರೆ ಮತ್ತು ಬಾಂದಾರಗಳನ್ನು ನೆಚ್ಚಿಕೊಂಡಿವೆ. ಅನಿರೀಕ್ಷಿತ ಮಳೆ ಬಂದಾಗ ಇವುಗಳ ಏರಿ ಒಡೆಯದಂತೆ, ಒಡೆದರೂ ಊರಿಗೆ ಆಗುವ ಕೇಡು ಕಡಿಮೆಯಾಗುವಂತೆ, ನೆರೆ ಇಳಿದ ಮೇಲೆ ಬೇಗ ಮತ್ತೆ ಬಳಕೆಗೆ ಬರುವಂತೆ ಮಾಡುವ ಎಂಜಿನಿಯರಿಂಗ್ ಮತ್ತು ಆಡಳಿತ ಕ್ರಮಗಳನ್ನು ಒಟ್ಟಾಗಿ ನೆರೆ ತಾಳಿಕೆಯನ್ನು ಹೆಚ್ಚಿಸುವ ಕ್ರಮಗಳು ಎನ್ನಬಹುದು. ಬರಗಾಲದ ಸೀಮೆ ಎಂದೇ ಹೆಸರಾದ ಈ ಭಾಗದಲ್ಲಿ ಕೆರೆಯ ಚರ್ಚೆ ಬಹುಮಟ್ಟಿಗೆ ನೀರು ತುಂಬಿಸುವುದರ ಸುತ್ತ ನಡೆಯುತ್ತದೆ. ಹೆಚ್ಚಾದ ನೀರನ್ನು ಸುರಕ್ಷಿತವಾಗಿ ಹೊರಗೆ ಬಿಡುವ ವಿಷಯಕ್ಕೆ ಅಷ್ಟು ಗಮನ ಸಿಕ್ಕಿಲ್ಲ.

ಭೂಗುಣ ಮತ್ತು ಮಳೆ

ಐದೂ ತಾಲ್ಲೂಕುಗಳು ದಖ್ಖನ್ ಬಸಾಲ್ಟ್ ಶಿಲೆಯ ಮೇಲಿವೆ. ಪಶ್ಚಿಮದಲ್ಲಿ ನಿಪ್ಪಾಣಿಯ ಸುತ್ತ ಸ್ತವನಿಧಿ (ತವಂದಿ) ಗುಡ್ಡಸಾಲು, ಕೆಂಪು ಮಿಶ್ರಿತ ಗರಸು ನೆಲ ಹಾಗೂ ಹೆಚ್ಚು ಮಳೆ ಇದೆ. ಪೂರ್ವಕ್ಕೆ ಸರಿದಂತೆ ನೆಲ ಬಯಲಾಗಿ, ಕೃಷ್ಣಾ ದಂಡೆಯಲ್ಲಿ ಆಳವಾದ ಎರೆಮಣ್ಣೂ ಅಥಣಿಯ ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ತೆಳುವಾದ ಎರೆ ಹಾಗೂ ಕಲ್ಲುನೆಲವೂ ಕಾಣುತ್ತವೆ. ಸಹ್ಯಾದ್ರಿಯ ಮಳೆ ನೆರಳಿನಲ್ಲಿರುವ ಅಥಣಿಯಲ್ಲಿ ವರ್ಷಕ್ಕೆ ಸುಮಾರು 500ರಿಂದ 600 ಮಿ.ಮೀ. ಮಳೆಯಾಗುತ್ತದೆ.

ಮಳೆಯ ಪ್ರಮಾಣಕ್ಕಿಂತ ಅದು ಬೀಳುವ ಕಾಲ ಮುಖ್ಯ. ನಿಪ್ಪಾಣಿ ಭಾಗದಲ್ಲಿ ಜುಲೈ ಮುಖ್ಯ ಮಳೆ ತಿಂಗಳು. ಅಲ್ಲಿ ಮಳೆ ಜಿಟಿಜಿಟಿಯಾಗಿ ದಿನಗಟ್ಟಲೆ ಹಿಡಿಯುತ್ತದೆ. ಅಥಣಿ, ಕಾಗವಾಡ ಮತ್ತು ರಾಯಬಾಗದ ಪೂರ್ವ ಭಾಗಗಳಲ್ಲಿ ಮುಂಗಾರು ಬಹುಪಾಲು ಒಣಗಿದಂತೆಯೇ ಸಾಗಿ, ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ ಗುಡುಗು ಸಹಿತ ಬಿರುಮಳೆ ಬೀಳುತ್ತದೆ. ವರ್ಷದ ಮಳೆಯ ಗಣನೀಯ ಪಾಲು ಕೆಲವೇ ತಾಸುಗಳಲ್ಲಿ ಸುರಿದುಹೋಗುವುದೂ ಉಂಟು. ಕೆರೆಯ ಏರಿಗೆ ಈ ಬಗೆಯ ಮಳೆಯೇ ನಿಜವಾದ ಪರೀಕ್ಷೆ.

ಎರಡು ಬಗೆಯ ನೆರೆ

ಈ ಸೀಮೆಯಲ್ಲಿ ನೆರೆ ಎಂದೊಡನೆ ಜನರಿಗೆ ನೆನಪಾಗುವುದು ನದಿಯ ನೆರೆ. ಮಹಾರಾಷ್ಟ್ರದಲ್ಲಿ ಕೃಷ್ಣೆಯ ಮೇಲ್ಭಾಗಕ್ಕೆ ಕೊಯ್ನಾ ಮತ್ತು ವಾರಣಾ, ದೂಧಗಂಗೆಗೆ ಕಾಳಮ್ಮವಾಡಿ, ವೇದಗಂಗೆಗೆ ಪಾಟಗಾಂವ, ಪಂಚಗಂಗೆಯ ಉಪನದಿ ಭೋಗಾವತಿಗೆ ರಾಧಾನಗರಿ ಜಲಾಶಯಗಳಿವೆ. ಘಟ್ಟದಲ್ಲಿ ಮಳೆ ಹೆಚ್ಚಾಗಿ ಈ ಜಲಾಶಯಗಳು ತುಂಬಿದಾಗ ಕಲ್ಲೋಳ, ಯಡೂರ, ಇಂಗಳಿ, ಸದಲಗಾ, ಜುಗೂಳ, ಕುಡಚಿ, ಉಗಾರ ಖುರ್ದ, ಸಪ್ತಸಾಗರ ಮೊದಲಾದ ದಂಡೆಯ ಊರುಗಳಿಗೆ ನೀರು ಬರುತ್ತದೆ. 2005, 2019 ಮತ್ತು 2021ರ ನೆರೆಗಳು ಈ ಬಗೆಯವು. 2019ರ ಆಗಸ್ಟ್ ಮತ್ತು 2021ರ ಜುಲೈನಲ್ಲಿ ವೇದಗಂಗೆಯ ನೀರು ನಿಪ್ಪಾಣಿ ಬಳಿಯ ಯಮಗರ್ಣಿಯಲ್ಲಿ ಪುಣೆ–ಬೆಂಗಳೂರು ಹೆದ್ದಾರಿಗೆ ನುಗ್ಗಿ ಸಂಚಾರ ನಿಂತಿತ್ತು. ಇಂಥ ನೆರೆ ನಿಧಾನವಾಗಿ ಏರುತ್ತದೆ, ಮುನ್ಸೂಚನೆಗೆ ಒಂದೆರಡು ದಿನದ ಅವಕಾಶ ಕೊಡುತ್ತದೆ, ವಾರಗಟ್ಟಲೆ ನಿಲ್ಲುತ್ತದೆ. ಅಥಣಿಯಲ್ಲಿ ಬಿಸಿಲು ಕಾಯುತ್ತಿರುವಾಗಲೂ ಕೃಷ್ಣೆ ದಂಡೆ ಮೀರಿರಬಹುದು.

ಎರಡನೆಯದು ಹಳ್ಳದ ನೆರೆ. ಇದು ಸ್ಥಳೀಯ ಮಳೆಯಿಂದಲೇ ಹುಟ್ಟಿ, ತಾಸೊಪ್ಪತ್ತಿನಲ್ಲಿ ಏರಿ ಇಳಿಯುತ್ತದೆ. ಸಾಂಗಲಿ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲಿ ಹುಟ್ಟಿ ಅಥಣಿ ತಾಲ್ಲೂಕಿನಲ್ಲಿ ಕೃಷ್ಣೆಯನ್ನು ಸೇರುವ ಅಗ್ರಣಿ ವರ್ಷದ ಹೆಚ್ಚು ಕಾಲ ಒಣಗಿರುವ ನದಿ. ಅದರ ಮತ್ತು ಅಂಥ ಹಳ್ಳಗಳ ನೆರೆ ಈ ಗುಂಪಿನದು. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕವನ್ನು ಮುಳುಗಿಸಿದ ಮಳೆಯೂ, 2020ರ ಅಕ್ಟೋಬರ್ ಮಧ್ಯದ ವಾಯುಭಾರ ಕುಸಿತದ ಮಳೆಯೂ ಹಿಂಗಾರಿನ ಹೊಸ್ತಿಲಲ್ಲಿ ಬಂದವು. ಸಣ್ಣ ಕೆರೆಗಳು ಒಡೆಯುವುದು ಹೆಚ್ಚಾಗಿ ಇಂಥ ಮಳೆಯಲ್ಲೇ. ನದಿಯ ನೆರೆಗೆ ಅಂತರರಾಜ್ಯ ಸಮನ್ವಯವಿದೆ, ಅಧಿಕಾರಿಗಳ ನಿಗಾ ಇದೆ. ಹಳ್ಳದ ನೆರೆಗೆ ಎದುರು ನಿಲ್ಲಬೇಕಾದದ್ದು ಊರಿನ ಏರಿ ಮತ್ತು ಕೋಡಿ ಮಾತ್ರ.

ಜಲಸಂಗ್ರಹಗಳ ಬಗೆಗಳು

ಹಳೆಯ ಮೈಸೂರಿನಷ್ಟು ದಟ್ಟವಾದ ಕೆರೆಜಾಲ ಇಲ್ಲಿ ಇರಲಿಲ್ಲ. 1956ರವರೆಗೆ ಮುಂಬಯಿ ರಾಜ್ಯಕ್ಕೆ ಸೇರಿದ್ದ ಈ ಭಾಗದ ಬೇಸಾಯ ಬಾವಿ ಹಾಗೂ ನದಿದಂಡೆಯ ಪಂಪುಗಳನ್ನು ಹೆಚ್ಚು ಅವಲಂಬಿಸಿತ್ತು. ಈಗ ಇರುವ ಮಣ್ಣಿನ ಏರಿಗಳಲ್ಲಿ ಅನೇಕವು ಬರಪರಿಹಾರ ಕಾಮಗಾರಿಗಳ ರೂಪದಲ್ಲಿ ಎದ್ದವು. ಕೂಲಿ ಒದಗಿಸುವುದೇ ಮೊದಲ ಗುರಿಯಾಗಿದ್ದ ಇಂಥ ಕಾಮಗಾರಿಗಳಲ್ಲಿ ಮಣ್ಣನ್ನು ಪದರಪದರವಾಗಿ ನೀರು ಹಾಕಿ ದಮ್ಮಸು ಮಾಡುವ ಕೆಲಸ ಎಲ್ಲ ಕಡೆ ಒಂದೇ ಮಟ್ಟದಲ್ಲಿ ನಡೆಯುವುದು ಕಷ್ಟ.

ಬಳಕೆಯ ದೃಷ್ಟಿಯಿಂದ ಮೂರು ಬಗೆ ಕಾಣುತ್ತವೆ. ತೂಬು, ಕಾಲುವೆ ಮತ್ತು ಅಚ್ಚುಕಟ್ಟು ಇರುವ ನೀರಾವರಿ ಕೆರೆ ಮೊದಲನೆಯದು. ತೂಬಿಲ್ಲದೆ ನೀರನ್ನು ನೆಲಕ್ಕಿಳಿಸಿ ಕೆಳಗಿನ ಬಾವಿ ಮತ್ತು ಕೊಳವೆಬಾವಿಗಳಿಗೆ ಜೀವ ತುಂಬುವ ಜಿನುಗು ಕೆರೆ ಎರಡನೆಯದು. ನೆರೆಯ ಕೊಲ್ಹಾಪುರ ಸಂಸ್ಥಾನದಲ್ಲಿ ರೂಢಿಗೆ ಬಂದು ಅದರ ಹೆಸರಿನಿಂದಲೇ ಕರೆಯಲಾಗುವ ಕೆ.ಟಿ. ಬಾಂದಾರ ಮೂರನೆಯದು. ಇದರಲ್ಲಿ ಕಲ್ಲಿನ ಕಂಬಗಳ ನಡುವೆ ಹಲಗೆ ಇಳಿಸಿ ಮಳೆಗಾಲದ ಕೊನೆಯ ಹರಿವನ್ನು ಹಿಡಿಯುತ್ತಾರೆ, ಮುಂಗಾರಿಗೆ ಮುನ್ನ ಹಲಗೆ ತೆಗೆಯುತ್ತಾರೆ. ದೂಧಗಂಗೆ ಮತ್ತು ವೇದಗಂಗೆಗಳ ಮೇಲೆ ಇಂಥ ಬಾಂದಾರಗಳು ಸಾಲಾಗಿವೆ. ಅನೇಕವು ಸೇತುವೆಯ ಕೆಲಸವನ್ನೂ ಮಾಡುವುದರಿಂದ ಪ್ರತಿ ಮಳೆಗಾಲದಲ್ಲಿ ಚಿಕ್ಕೋಡಿ ಮತ್ತು ನಿಪ್ಪಾಣಿ ತಾಲ್ಲೂಕುಗಳ ಹಲವು ಊರುಗಳ ಸಂಪರ್ಕ ಕಡಿದುಹೋಗುತ್ತದೆ. ಇವಲ್ಲದೆ ನಿಪ್ಪಾಣಿ ಪಟ್ಟಣದ ಜವಾಹರ ಕೆರೆಯಂತೆ ಕುಡಿಯುವ ನೀರಿಗಾಗಿ ಇರುವ ಕೆರೆಗಳೂ ಇವೆ. ಜನವಸತಿಗೆ ಹತ್ತಿರವಿರುವ ಇಂಥ ಕೆರೆಗಳಲ್ಲಿ ಏರಿಯ ಸುರಕ್ಷತೆಗೆ ಹೆಚ್ಚಿನ ಮಹತ್ವವಿದೆ.

ಏರಿ ಒಡೆಯುವ ಬಗೆ

ಮಣ್ಣಿನ ಏರಿಗಳು ಮುಖ್ಯವಾಗಿ ಎರಡು ರೀತಿಯಲ್ಲಿ ಒಡೆಯುತ್ತವೆ. ಕೋಡಿಯಿಂದ ಹೊರಹೋಗುವುದಕ್ಕಿಂತ ಹೆಚ್ಚು ನೀರು ಒಳಬಂದಾಗ ಮಟ್ಟ ಏರಿ, ಏರಿಯ ತಲೆಯ ಮೇಲೆ ನೀರು ಹರಿಯತೊಡಗುತ್ತದೆ. ಹೊರಮೈಯ ಮಣ್ಣು ಕೊಚ್ಚಿಹೋಗಿ ಕೊರಕಲು ಬಿದ್ದು, ಅದು ಹಿಂದಕ್ಕೆ ಸರಿಯುತ್ತ ಕೆರೆಯ ಒಡಲನ್ನು ತಲುಪುತ್ತದೆ. ಕಲ್ಲು ಅಥವಾ ಕಾಂಕ್ರೀಟ್ ಕಟ್ಟೆ ಇಂಥ ಹರಿವನ್ನು ಸ್ವಲ್ಪ ಹೊತ್ತು ತಾಳಿಕೊಳ್ಳಬಲ್ಲದು, ಮಣ್ಣಿನ ಏರಿಗೆ ಆ ಶಕ್ತಿ ಇಲ್ಲ. ಎರಡನೆಯದು ಒಳಗಿನ ಕೊರೆತ. ತೂಬಿನ ಕೊಳವೆಯ ಪಕ್ಕ, ಒಣಗಿ ಟೊಳ್ಳಾದ ಬೇರಿನ ದಾರಿ, ಹೆಗ್ಗಣ ಅಥವಾ ಏಡಿಯ ಬಿಲ, ಸರಿಯಾಗಿ ದಮ್ಮಸಾಗದ ಪದರ ಇವುಗಳ ಮೂಲಕ ನೀರು ಹಾದು ಮಣ್ಣಿನ ಕಣಗಳನ್ನು ಒಯ್ಯುತ್ತದೆ. ಬೋಂಗಾ ಎಂದು ಕರೆಯುವ ಈ ರಂಧ್ರ ಹಿಗ್ಗುತ್ತ ಹೋಗಿ ಏರಿ ಕುಸಿಯುತ್ತದೆ.

ಎರೆಮಣ್ಣಿನ ಸ್ವಭಾವ ಈ ಅಪಾಯವನ್ನು ಹೆಚ್ಚಿಸುತ್ತದೆ. ನೀರು ಬಿಡದ ಗುಣದಿಂದ ಅದು ಏರಿಯ ಒಡಲಿಗೆ ಒಳ್ಳೆಯದು. ಆದರೆ ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಯಲ್ಲಿ ಉಬ್ಬುತ್ತದೆ. ಏರಿಯ ತಲೆಯಲ್ಲಿ ಮೇ ತಿಂಗಳಲ್ಲಿ ಬಿಟ್ಟ ಬಿರುಕು ಮುಚ್ಚುವ ಮೊದಲೇ ಕೆರೆ ತುಂಬಿದರೆ ಅದೇ ನೀರಿನ ದಾರಿಯಾಗುತ್ತದೆ. ಆದ್ದರಿಂದ ಒಳಗೆ ಎರೆ, ಹೊರಗೆ ಮತ್ತು ತಲೆಯ ಮೇಲೆ ದಪ್ಪ ಗರಸಿನ ಹೊದಿಕೆ ಹಾಕುವುದು ಈ ಭಾಗಕ್ಕೆ ಒಗ್ಗುವ ರಚನೆ.

ಒಡೆದ ಸಣ್ಣ ಜಲಾಶಯ ಎಷ್ಟು ಕೇಡು ಮಾಡಬಲ್ಲದು ಎಂಬುದಕ್ಕೆ 2019 ಸಾಕ್ಷಿ. ಆ ವರ್ಷದ ಜುಲೈ 2ರ ರಾತ್ರಿ ರತ್ನಾಗಿರಿ ಜಿಲ್ಲೆಯ ಚಿಪಳೂಣ ತಾಲ್ಲೂಕಿನ ತಿವರೆ ಎಂಬ ಸಣ್ಣ ನೀರಾವರಿ ಜಲಾಶಯದ ಏರಿ ಒಡೆದು ಸುಮಾರು 20 ಜನ ಸತ್ತರು. ಏರಿ ಸೋರುತ್ತಿರುವುದನ್ನು ಗ್ರಾಮಸ್ಥರು ಮೊದಲೇ ತಿಳಿಸಿದ್ದರು. ಅದೇ ವರ್ಷದ ಆಗಸ್ಟ್‌ನಲ್ಲಿ ಉತ್ತರ ಕನ್ನಡದ ಮುಂಡಗೋಡ ತಾಲ್ಲೂಕಿನ ಚಿಗಳ್ಳಿ ಜಲಾಶಯದ ಒಡ್ಡು ಒಡೆದು ಹೊಲಗದ್ದೆಗಳು ಹಾಳಾದವು.

ಕೋಡಿಯ ಲೆಕ್ಕ

ಕೆರೆಯ ನೆರೆ ತಾಳಿಕೆಯನ್ನು ನಿರ್ಧರಿಸುವ ಮುಖ್ಯ ಅಂಗ ಕೋಡಿ. ಅಡೆತಡೆಯಿಲ್ಲದ ಕೋಡಿಯ ಮೇಲಿನ ಹರಿವು ಅದರ ಉದ್ದಕ್ಕೆ ಸಮಪ್ರಮಾಣದಲ್ಲಿಯೂ, ಅದರ ಮೇಲೆ ನಿಂತ ನೀರಿನ ಎತ್ತರದ ಒಂದೂವರೆ ಘಾತಕ್ಕೆ ಸಮಪ್ರಮಾಣದಲ್ಲಿಯೂ ಇರುತ್ತದೆ. 20 ಮೀಟರ್ ಉದ್ದದ ಅಗಲ ತಲೆಯ ಕೋಡಿಯ ಮೇಲೆ 1 ಮೀಟರ್ ನೀರು ನಿಂತರೆ ಸೆಕೆಂಡಿಗೆ ಸುಮಾರು 34 ಘನ ಮೀಟರ್, ಅಂದರೆ 1,200 ಕ್ಯುಸೆಕ್ ಹರಿಯುತ್ತದೆ. ಅರ್ಧ ಮೀಟರ್ ನಿಂತರೆ ಹರಿವು ಸುಮಾರು 12 ಘನ ಮೀಟರಿಗೆ ಇಳಿಯುತ್ತದೆ.

ಈಗ ಒಳಹರಿವನ್ನು ನೋಡಬೇಕು. 10 ಚದರ ಕಿ.ಮೀ. ಜಲಾನಯನದ ಮೇಲೆ ತಾಸಿಗೆ 50 ಮಿ.ಮೀ.ನಂತೆ ಮಳೆ ಬಿದ್ದು ಅದರ ಅರ್ಧ ಹರಿದುಬಂದರೂ ಸೆಕೆಂಡಿಗೆ ಸುಮಾರು 70 ಘನ ಮೀಟರ್ ನೀರು ಕೆರೆಗೆ ಬರಬಹುದು. ಮೇಲಿನ ಕೋಡಿ ಅದರ ಅರ್ಧವನ್ನೂ ಹೊರಹಾಕದು. ಉಳಿದದ್ದನ್ನು ಕೆರೆಯ ಒಡಲೇ ತಾತ್ಕಾಲಿಕವಾಗಿ ಹಿಡಿದುಕೊಳ್ಳಬೇಕು. ಕೆರೆ ಆಗಲೇ ತುಂಬಿದ್ದರೆ ಕೋಡಿಮಟ್ಟ ಮತ್ತು ಏರಿಯ ತಲೆಯ ನಡುವಿನ ಅಂತರವಷ್ಟೇ ಉಳಿದಿರುತ್ತದೆ.

ಹೆಚ್ಚು ನೀರು ನಿಲ್ಲಲಿ ಎಂದು ಕೋಡಿಯ ಮೇಲೆ ಮರಳಿನ ಚೀಲ ಜೋಡಿಸುವುದು, ಕಲ್ಲು ಕಟ್ಟುವುದು ಹಳ್ಳಿಗಳಲ್ಲಿ ಸಾಮಾನ್ಯ. 1 ಮೀಟರ್ ನೀರಿಗೆಂದು ರೂಪಿಸಿದ ಕೋಡಿಯನ್ನು 30 ಸೆಂ.ಮೀ. ಎತ್ತರಿಸಿದರೆ ಅದೇ ಸುರಕ್ಷಿತ ಮಟ್ಟದಲ್ಲಿ ಅದು ಹೊರಹಾಕುವ ನೀರು ನೂರಕ್ಕೆ 40ರಷ್ಟು ಕುಗ್ಗುತ್ತದೆ. ಕೋಡಿಯ ಕೆಳಗಿನ ಹಳ್ಳವನ್ನು ಒತ್ತಿ ಕಬ್ಬು ಹಾಕುವುದು, ಅಡ್ಡಲಾಗಿ ಸಣ್ಣ ಕೊಳವೆಯ ಮೇಲೆ ರಸ್ತೆ ಎಬ್ಬಿಸುವುದು ಸಹ ಇದೇ ಕೆಡುಕನ್ನು ಬೇರೆ ದಾರಿಯಲ್ಲಿ ಮಾಡುತ್ತವೆ.

ಮುಂಬಯಿ ಪ್ರಾಂತ್ಯದ ಕಾಲದ ಕೆಲಸಗಳಲ್ಲಿ ನೆರೆಯ ಅಂದಾಜಿಗೆ ಜಲಾನಯನದ ವಿಸ್ತೀರ್ಣವೊಂದನ್ನೇ ಆಧರಿಸಿದ ಇಂಗ್ಲಿಸ್ ಸೂತ್ರದಂಥ ಸರಳ ಸೂತ್ರಗಳು ಬಳಕೆಯಲ್ಲಿದ್ದವು. ಭಾರತೀಯ ಮಾನಕ ಬ್ಯೂರೋದ 1985ರ ಐಎಸ್ 11223 ಮಾರ್ಗಸೂಚಿ 5 ಲಕ್ಷದಿಂದ 1 ಕೋಟಿ ಘನ ಮೀಟರ್ ಸಂಗ್ರಹ, ಅಥವಾ 7.5ರಿಂದ 12 ಮೀಟರ್ ನೀರಿನ ಎತ್ತರವಿರುವ ಸಣ್ಣ ಅಣೆಗಳ ಕೋಡಿ 100 ವರ್ಷಕ್ಕೊಮ್ಮೆ ಬರಬಹುದಾದ ನೆರೆಯನ್ನು ತಾಳಬೇಕೆನ್ನುತ್ತದೆ. ಕೆಳಗೆ ಜನವಸತಿ ಇದ್ದರೆ ಇನ್ನೂ ದೊಡ್ಡ ನೆರೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಹಳೆಯ ಕೋಡಿಗಳನ್ನು ಇಂದಿನ ಮಳೆ ದಾಖಲೆಗಳಿಂದ ಮತ್ತೆ ಲೆಕ್ಕ ಹಾಕುವುದೇ ಸುಧಾರಣೆಯ ಮೊದಲ ಹೆಜ್ಜೆ.

ಕೆರೆ ತುಂಬಿಸುವಿಕೆ ಮತ್ತು ನೆರೆ

ಕೃಷ್ಣೆಯ ನೀರನ್ನೆತ್ತಿ ಕೆರೆಗಳಿಗೂ ಹೊಲಗಳಿಗೂ ಹರಿಸುವ ಯೋಜನೆಗಳು ಈ ಭಾಗದ ಜಲಚಿತ್ರವನ್ನು ಬದಲಿಸುತ್ತಿವೆ. ಹಿಪ್ಪರಗಿ ಬ್ಯಾರೇಜಿನ ಹಿನ್ನೀರನ್ನು ಬಳಸುವ ಹಲ್ಯಾಳ ಮತ್ತು ಕರಿಮಸೂತಿ ಏತ ನೀರಾವರಿ, ಅಥಣಿ–ಕಾಗವಾಡದ ಉತ್ತರ ಭಾಗಕ್ಕಾಗಿ ರೂಪಿಸಿದ ಬಸವೇಶ್ವರ (ಕೆಂಪವಾಡ) ಏತ ನೀರಾವರಿ, ಕೊಟ್ಟಲಗಿ ಭಾಗದ ಅಮ್ಮಾಜೇಶ್ವರಿ ಯೋಜನೆ ಇವುಗಳಲ್ಲಿ ಸೇರಿವೆ. ರಾಯಬಾಗ ಮತ್ತು ಚಿಕ್ಕೋಡಿಯ ಕೆಲ ಭಾಗಗಳಿಗೆ ಹಿಡಕಲ್ ಜಲಾಶಯದಿಂದ ಘಟಪ್ರಭಾ ಎಡದಂಡೆ ಕಾಲುವೆ ಮತ್ತು ಚಿಕ್ಕೋಡಿ ಶಾಖಾ ಕಾಲುವೆಯ ನೀರು ಬರುತ್ತದೆ.

ಬರಕ್ಕೆ ಇದು ಒಳ್ಳೆಯ ಪರಿಹಾರ. ನೆರೆಯ ದೃಷ್ಟಿಯಿಂದ ಒಂದು ಹೊಸ ಪರಿಸ್ಥಿತಿಯನ್ನೂ ಇದು ತರುತ್ತದೆ. ಮಳೆನೀರನ್ನೇ ನೆಚ್ಚಿದ್ದ ಕಾಲದಲ್ಲಿ ಸೆಪ್ಟೆಂಬರ್‌ನಲ್ಲಿ ಕೆರೆ ಅರ್ಧ ಖಾಲಿಯೇ ಇರುತ್ತಿತ್ತು. ಬಿರುಮಳೆ ಬಂದರೆ ಆ ಖಾಲಿ ಜಾಗ ನೆರೆಯನ್ನು ನುಂಗುತ್ತಿತ್ತು. ಕೃಷ್ಣೆಯಲ್ಲಿ ಹರಿವು ಹೆಚ್ಚಿರುವ ಜುಲೈ–ಆಗಸ್ಟ್‌ನಲ್ಲೇ ನೀರೆತ್ತಿ ಕೆರೆಯನ್ನು ಕೋಡಿಮಟ್ಟಕ್ಕೆ ತುಂಬಿಸಿದರೆ, ಸ್ಥಳೀಯ ಮಳೆ ಹೆಚ್ಚಾಗುವ ತಿಂಗಳಿಗೆ ಕೆರೆ ತುಂಬಿಕೊಂಡೇ ಕಾದಿರುತ್ತದೆ. ದಶಕಗಳ ಕಾಲ ಪೂರ್ತಿ ನೀರು ಕಾಣದ ಏರಿ ಮೊದಲ ಬಾರಿ ತಿಂಗಳುಗಟ್ಟಲೆ ಒತ್ತಡ ತಾಳಬೇಕಾಗುತ್ತದೆ. ಹೂಳೆತ್ತುವುದರಿಂದಲೂ ಈ ತೊಡಕು ಬಗೆಹರಿಯದು. ಕೋಡಿಮಟ್ಟದ ಕೆಳಗೆ ಅಗೆದು ಮಾಡಿದ ಜಾಗವನ್ನು ನದಿನೀರೇ ತುಂಬಿಬಿಟ್ಟರೆ ನೆರೆಗೆ ಸಿಗುವ ಜಾಗ ಮೊದಲಿನಷ್ಟೇ. ಹೂಳೆತ್ತುವಾಗ ಏರಿಯ ಬುಡದವರೆಗೆ ಯಂತ್ರ ಹಾಯಿಸಿ ನೀರು ತಡೆಯುವ ಹಳೆಯ ಜೇಡಿಪದರವನ್ನು ಕಿತ್ತರೆ ಸೋರಿಕೆ ಹೆಚ್ಚುತ್ತದೆ.

ಇದಕ್ಕೆ ಪರಿಹಾರ ತುಂಬಿಸುವ ವೇಳಾಪಟ್ಟಿಯಲ್ಲಿದೆ. ಕೆರೆಯ ಮೇಲಿನ ಒಂದು ಭಾಗವನ್ನು ಹಿಂಗಾರಿನ ಬಿರುಮಳೆಯ ಅವಧಿ ಮುಗಿಯುವವರೆಗೆ ಖಾಲಿ ಬಿಟ್ಟು, ನದಿಯಲ್ಲಿ ಹರಿವಿರುವಾಗಲೇ ಕೊನೆಯ ಸುತ್ತಿನಲ್ಲಿ ತುಂಬಿಸಬಹುದು. ಹೊಸದಾಗಿ ತುಂಬಿಸುವ ಏರಿಯನ್ನು ಹಂತಹಂತವಾಗಿ ಏರಿಸಿ ಪ್ರತಿ ಹಂತದಲ್ಲೂ ಜಿನುಗನ್ನು ನೋಡಿಕೊಳ್ಳುವುದು ಸುರಕ್ಷಿತ.

ಬಲಪಡಿಸುವ ಕ್ರಮಗಳು

ಕೋಡಿಯ ಉದ್ದ ಹೆಚ್ಚಿಸುವುದು ಎಲ್ಲಕ್ಕಿಂತ ನೇರವಾದ ಉಪಾಯ. ಜಾಗವಿಲ್ಲದ ಕಡೆ ಕೋಡಿಯ ತಲೆಯನ್ನು ಅಂಕುಡೊಂಕಾಗಿ ಮಡಚಿ ಕಟ್ಟಿದರೆ ಅಷ್ಟೇ ಅಗಲದಲ್ಲಿ ಹಲವು ಪಟ್ಟು ಉದ್ದದ ತಲೆ ಸಿಗುತ್ತದೆ. ಲ್ಯಾಬಿರಿಂತ್ ಮತ್ತು ಪಿಯಾನೊ ಕೀ ಮಾದರಿಯ ಕೋಡಿಗಳು ಈ ತತ್ತ್ವದವು. ಬಾಗಿಲಿಲ್ಲದ, ವಿದ್ಯುತ್ತು ಬೇಡದ ಕೋಡಿಗಳೇ ಹಳ್ಳಿಯ ಕೆರೆಗೆ ಸೂಕ್ತ. ರಾತ್ರಿ ಎರಡು ಗಂಟೆಗೆ ಮಳೆ ಬಂದಾಗ ಬಾಗಿಲು ತೆರೆಯುವವರು ಸಿಗುತ್ತಾರೆಂದು ನಂಬಲಾಗದು. ದೊಡ್ಡ ಜಲಾಶಯವಾದ ರಾಧಾನಗರಿಯಲ್ಲೂ ನೀರಿನ ಮಟ್ಟಕ್ಕೆ ತಾವೇ ತೆರೆದುಕೊಳ್ಳುವ ಬಾಗಿಲುಗಳಿವೆ.

ಹೆಚ್ಚುವರಿ ರಕ್ಷಣೆಗಾಗಿ ಏರಿಯಿಂದ ದೂರದ, ಊರಿಲ್ಲದ ದಿಕ್ಕಿನಲ್ಲಿ ತಗ್ಗಾದ ಮಣ್ಣಿನ ತುಂಡೊಂದನ್ನು ಬೇಕೆಂದೇ ದುರ್ಬಲವಾಗಿ ಬಿಡುವ ಪದ್ಧತಿ ಇದೆ. ಅಸಾಧಾರಣ ನೆರೆ ಬಂದಾಗ ಆ ತುಂಡು ಮೊದಲು ಕೊಚ್ಚಿಹೋಗಿ ಮುಖ್ಯ ಏರಿ ಉಳಿಯುತ್ತದೆ.

ಏರಿಯ ವಿಷಯದಲ್ಲಿ ಕುಸಿದ ತಲೆಯನ್ನು ಒಂದೇ ಮಟ್ಟಕ್ಕೆ ತರುವುದು ಅಗ್ಗದ ಮತ್ತು ಅತ್ಯಂತ ಫಲಕಾರಿ ಕೆಲಸ. ಬಂಡಿ, ಟ್ರ್ಯಾಕ್ಟರ್ ಓಡಾಡಿ ತಗ್ಗಾದ ಒಂದು ಜಾಗದಲ್ಲೇ ನೀರು ಮೊದಲು ಮೇಲೆ ಹರಿಯುತ್ತದೆ. ಒಳಮೈಗೆ ಕಲ್ಲಿನ ಹಾಸು, ಹೊರಮೈಗೆ ಹುಲ್ಲು, ಬುಡದಲ್ಲಿ ಮರಳು ಮತ್ತು ಜಲ್ಲಿಯ ಸೋಸುಪದರ ಅಗತ್ಯ. ಬಳ್ಳಾರಿ ಜಾಲಿಯನ್ನು ಎಳೆಯದಾಗಿದ್ದಾಗಲೇ ತೆಗೆಯಬೇಕು. ದೊಡ್ಡ ಮರವನ್ನು ಕಡಿದು ಬೇರು ಹಾಗೇ ಬಿಟ್ಟರೆ ಬೇರು ಕೊಳೆತು ಟೊಳ್ಳಾಗುತ್ತದೆ, ಆದ್ದರಿಂದ ಬೇರು ತೆಗೆದು ಮಣ್ಣು ತುಂಬಿ ದಮ್ಮಸು ಮಾಡಬೇಕು. ತೂಬು ಕೆಲಸ ಮಾಡುವ ಸ್ಥಿತಿಯಲ್ಲಿರುವುದು ನೆರೆಯ ದೃಷ್ಟಿಯಿಂದಲೂ ಮುಖ್ಯ, ಏಕೆಂದರೆ ಏರಿಯಲ್ಲಿ ದೋಷ ಕಂಡಾಗ ನೀರಿನ ಮಟ್ಟ ಇಳಿಸಲು ಇರುವ ಮುಖ್ಯ ದಾರಿ ಅದು.

ಬಾಂದಾರಗಳಲ್ಲಿ ಅಪಾಯ ಬೇರೆ. ಮುಂಗಾರಿಗೆ ಮುನ್ನ ಹಲಗೆ ತೆಗೆಯದಿದ್ದರೆ, ತೇಲಿಬಂದ ಮರ ಮತ್ತು ಕಬ್ಬಿನ ಸೋಗೆ ಕಂಬಗಳ ನಡುವೆ ಸಿಕ್ಕಿದರೆ ನೀರು ಬದಿಗೆ ತಿರುಗಿ ದಂಡೆಯನ್ನು ಕೊರೆಯುತ್ತದೆ. ಬಾಂದಾರ ಗಟ್ಟಿಯಾಗಿಯೇ ಉಳಿದು ಪಕ್ಕದ ಹೊಲ ನದಿಪಾಲಾಗುವುದು ಹೀಗೆ. ಎರಡೂ ಕೊನೆಗಳಲ್ಲಿ ದಂಡೆಯೊಳಕ್ಕೆ ಚಾಚಿದ ಗೋಡೆ ಮತ್ತು ಕಲ್ಲಿನ ಹಾಸು ಇದಕ್ಕೆ ಮದ್ದು.

ಜಲಾನಯನ ಮತ್ತು ಸರಣಿ ಕೆರೆಗಳು

ಹೊಲದ ಬದು, ಕೃಷಿಹೊಂಡ ಮತ್ತು ಹಳ್ಳದ ತಡೆಅಣೆಗಳು ಸಾಧಾರಣ ಮಳೆಯಲ್ಲಿ ಹರಿವಿನ ರಭಸ ತಗ್ಗಿಸಿ ಹೂಳನ್ನು ತಡೆಯುತ್ತವೆ. ಅಸಾಧಾರಣ ಮಳೆಯಲ್ಲಿ ಅವೆಲ್ಲ ತುಂಬಿದ ಮೇಲೆ ಅವುಗಳ ನೆರವು ಕಡಿಮೆಯಾಗುವುದರಿಂದ ಕೋಡಿಗೆ ಅವು ಬದಲಿಯಲ್ಲ. ಒಂದೇ ಹಳ್ಳದ ಮೇಲೆ ಸಾಲಾಗಿ ಕೆರೆಗಳಿರುವಲ್ಲಿ ಮೇಲಿನದು ಒಡೆದರೆ ಅದರ ನೀರೆಲ್ಲ ಒಟ್ಟಾಗಿ ಕೆಳಗಿನದಕ್ಕೆ ನುಗ್ಗುತ್ತದೆ. ಆದ್ದರಿಂದ ದುರಸ್ತಿಯ ಅನುಕ್ರಮ ಮೇಲಿನಿಂದ ಕೆಳಕ್ಕೆ ಇರಬೇಕು. 2022ರಲ್ಲಿ ಆರಂಭವಾದ ಅಮೃತ ಸರೋವರ ಯೋಜನೆಯಂಥ ಕಾರ್ಯಕ್ರಮಗಳಲ್ಲಿ ಮೇಲ್ಭಾಗದಲ್ಲಿ ಹೊಸ ಕೆರೆ ಕಟ್ಟುವಾಗಲೂ ಕೆಳಗಿನ ಕೆರೆಯ ಕೋಡಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಅಗತ್ಯ.

ಆಡಳಿತ ಮತ್ತು ಕಾನೂನು

ಕರ್ನಾಟಕದಲ್ಲಿ 40ರಿಂದ 2,000 ಹೆಕ್ಟೇರ್ ಅಚ್ಚುಕಟ್ಟಿನ ಕೆರೆಗಳು ಸಣ್ಣ ನೀರಾವರಿ ಇಲಾಖೆಗೂ, 40 ಹೆಕ್ಟೇರಿಗಿಂತ ಕಡಿಮೆಯವು ಪಂಚಾಯತ್ ವ್ಯವಸ್ಥೆಗೂ ಸೇರಿವೆ. 2002ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಆರಂಭವಾದ ಸಮುದಾಯ ಆಧಾರಿತ ಕೆರೆ ನಿರ್ವಹಣಾ ಯೋಜನೆ ಜಲಸಂವರ್ಧನೆ ಯೋಜನಾ ಸಂಘದ ಮೂಲಕ ಕೆರೆ ಬಳಕೆದಾರರ ಸಂಘಗಳನ್ನು ಕಟ್ಟಿತು. 2014ರ ಕರ್ನಾಟಕ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಅಧಿನಿಯಮ ಒತ್ತುವರಿ ತಡೆಗೆ ಅಧಿಕಾರ ಕೊಟ್ಟಿದೆ.

2021ರ ಅಣೆಕಟ್ಟು ಸುರಕ್ಷತಾ ಅಧಿನಿಯಮ 15 ಮೀಟರಿಗಿಂತ ಎತ್ತರದ ಅಣೆಗಳಿಗೆ ಅನ್ವಯಿಸುತ್ತದೆ. 10ರಿಂದ 15 ಮೀಟರ್ ಎತ್ತರದವು ಉದ್ದದಲ್ಲಿ 500 ಮೀಟರ್, ಸಂಗ್ರಹದಲ್ಲಿ 10 ಲಕ್ಷ ಘನ ಮೀಟರ್ (ಸುಮಾರು 35 ದಶಲಕ್ಷ ಘನ ಅಡಿ) ಮುಂತಾದ ಮಿತಿಗಳಲ್ಲಿ ಒಂದನ್ನು ಮುಟ್ಟಿದರೆ ಅವೂ ಒಳಪಡುತ್ತವೆ. 10 ಮೀಟರಿಗಿಂತ ತಗ್ಗಿನ ಏರಿಗಳು ಈ ಕಾನೂನಿನ ಕಡ್ಡಾಯ ತಪಾಸಣೆ ಮತ್ತು ತುರ್ತು ಕ್ರಿಯಾಯೋಜನೆಯ ಹೊರಗೆ ಉಳಿಯುತ್ತವೆ. ಹಳ್ಳಿಯ ಕೆರೆಗಳಲ್ಲಿ ಹೆಚ್ಚಿನವು ಇಂಥವೇ.

ನಿಗಾ ಮತ್ತು ಮುನ್ಸೂಚನೆ

ಮೇ ತಿಂಗಳ ಕೊನೆಗೆ ಒಮ್ಮೆ, ಸೆಪ್ಟೆಂಬರ್ ಆರಂಭಕ್ಕೆ ಮತ್ತೊಮ್ಮೆ ಏರಿಯನ್ನು ನಡೆದು ನೋಡುವುದು ವಾಡಿಕೆಯಾಗಬೇಕು. ಹಿಂದೆ ನೀರುಗಂಟಿ ಮಾಡುತ್ತಿದ್ದ ಈ ಕೆಲಸಕ್ಕೆ ಈಗ ಅನೇಕ ಕಡೆ ಗೊತ್ತಾದ ಹೊಣೆಗಾರರಿಲ್ಲ. ಏರಿಯ ಬುಡದಲ್ಲಿ ತಿಳಿನೀರು ಜಿನುಗುತ್ತಿದ್ದರೆ ಅದರ ಪ್ರಮಾಣವನ್ನು ಗಮನಿಸುತ್ತಿರಬೇಕು. ನೀರು ಕೆಸರಾಗಿ ಬಂದರೆ ಏರಿಯ ಮಣ್ಣು ಕರಗುತ್ತಿದೆ ಎಂದರ್ಥ, ಕೂಡಲೇ ತೂಬು ತೆರೆದು ಇಲಾಖೆಗೆ ತಿಳಿಸಬೇಕು. ನೀರು ಹೊರಬರುವ ಬಾಯಿಗೆ ಜೇಡಿಮಣ್ಣು ತುರುಕಿದರೆ ಒಳಗಿನ ಒತ್ತಡ ಹೆಚ್ಚಿ ಬೇರೆಡೆ ಒಡೆಯುತ್ತದೆ. ಅದರ ಮೇಲೆ ಮೊದಲು ಮರಳು, ಆಮೇಲೆ ಸಣ್ಣ ಜಲ್ಲಿ, ಕೊನೆಗೆ ದಪ್ಪ ಕಲ್ಲು ಹೇರಿದರೆ ನೀರು ಹೊರಬಂದರೂ ಮಣ್ಣು ಒಳಗೇ ಉಳಿಯುತ್ತದೆ.

1988ರಲ್ಲಿ ಬರ ನಿಗಾ ಘಟಕವಾಗಿ ಆರಂಭವಾದ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಇಂದು ಗ್ರಾಮ ಪಂಚಾಯತ್ ಮಟ್ಟದ ಸ್ವಯಂಚಾಲಿತ ಮಳೆಮಾಪಕಗಳನ್ನು ಹೊಂದಿದ್ದು, ವರುಣಮಿತ್ರ ಸಹಾಯವಾಣಿಯ ಮೂಲಕ ರೈತರಿಗೆ ಮಾಹಿತಿ ಕೊಡುತ್ತದೆ. ಈ ಮಾಪಕಗಳನ್ನು ಕೆರೆಗಳ ಜಲಾನಯನದೊಂದಿಗೆ ಜೋಡಿಸಿ, ಇಂತಿಷ್ಟು ಮಳೆಗೆ ಇಂಥ ಕೆರೆಯ ಕೋಡಿ ಎಷ್ಟು ಹರಿದೀತು ಎಂಬ ಪಟ್ಟಿಯನ್ನು ಪಂಚಾಯತಿಯಲ್ಲಿ ಇಟ್ಟುಕೊಂಡರೆ ಕೆಳಗಿನ ಜನರನ್ನು ಎಬ್ಬಿಸಲು ಒಂದೆರಡು ತಾಸು ಸಿಗುತ್ತದೆ. ಏರಿ ಒಡೆದರೆ ನೀರು ಹಿಡಿಯುವ ದಾರಿಯ ಸರಳ ನಕ್ಷೆ, ಎತ್ತರದ ಶಾಲೆ ಅಥವಾ ಗುಡಿಯ ಗುರುತು, ಮರಳಿನ ಚೀಲಗಳ ದಾಸ್ತಾನು ಇವು ಸಣ್ಣ ಕೆರೆಗೆ ಸಾಲುವ ತುರ್ತು ಯೋಜನೆ.

ಕೃಷ್ಣಾ ಕಣಿವೆಯ ಈ ಐದು ತಾಲ್ಲೂಕುಗಳಲ್ಲಿ ಕೆರೆಗಳಿಗಾಗಿ ಆಗುವ ವೆಚ್ಚದಲ್ಲಿ ನೀರೆತ್ತುವುದು, ಕೊಳವೆ ಹಾಕುವುದು ಮತ್ತು ಹೂಳೆತ್ತುವುದು ಕಣ್ಣಿಗೆ ಕಾಣುವ ಕೆಲಸಗಳು. ಕೋಡಿ ಅಗಲಿಸುವುದು, ಏರಿಯ ತಲೆ ಸಮಮಾಡುವುದು, ತೂಬು ಬದಲಿಸುವುದು ಅದಕ್ಕೆ ಹೋಲಿಸಿದರೆ ಸಣ್ಣ ಮೊತ್ತದ ಕೆಲಸಗಳು. ಕೋಡಿಯ ಲೆಕ್ಕ ಮತ್ತು ಏರಿಯ ತಪಾಸಣೆ ಮುಗಿಯದ ಯಾವ ಕೆರೆಗೂ ನದಿನೀರು ತುಂಬಿಸಬಾರದು ಎಂಬ ಷರತ್ತನ್ನು ಪ್ರತಿ ಕೆರೆ ತುಂಬಿಸುವ ಯೋಜನೆಗೂ ಸೇರಿಸುವುದು ಈ ಸೀಮೆಯ ನೆರೆ ತಾಳಿಕೆಗೆ ಅತ್ಯಂತ ಅಗ್ಗದ ಹಾಗೂ ಮೊದಲು ಆಗಬೇಕಾದ ಕ್ರಮ.